ಹಳೆ ಸಾಗವಾನಿ ಕಿಟಕಿ ಏಳು, ಕೈಯಲ್ಲಿ 40 ಸಾವಿರ: ಏನು ಮಾಡಲಿ?

ರೊಟ್ಟಿ ಅಕ್ಕ, ಧಾರವಾಡ

ನಮ್ಮದು ಮಾಳಮಡ್ಡಿಯಲ್ಲಿ ಹಂಚಿನ ಮನೆ. ಮಾವನವರು ರೈಲ್ವೆ ನೌಕರಿಯಲ್ಲಿದ್ದಾಗ ಕಟ್ಟಿಸಿದ್ದು. ಇಟ್ಟಂಗಿ ಗೋಡೆ, ಏಳು ಕಿಟಕಿ. ಎಲ್ಲದಕ್ಕೂ ಸಾಗವಾನಿ ಚೌಕಟ್ಟು, ನಡುವೆ ಕಬ್ಬಿಣದ ಸರಳು, ಹೊರಗೆ ತೆರೆಯುವ ಗಾಜಿನ ಕದ. ಇಷ್ಟು ವರ್ಷ ದೀಪಾವಳಿಗೆ ಬಣ್ಣ ಬಳಿಯುವುದು ಬಿಟ್ಟರೆ ಯಾರೂ ಅವುಗಳ ಗೋಜಿಗೆ ಹೋಗಿರಲಿಲ್ಲ. ಈಗ ಒಂದೊಂದೇ ತಕರಾರು ಶುರುವಾಗಿದೆ.

ಪಶ್ಚಿಮದ ಗೋಡೆಗೆ ಮೂರು ಕಿಟಕಿ. ಅಡುಗೆಮನೆಯದು ಒಂದು, ಮಲಗುವ ಕೋಣೆಯವು ಎರಡು. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಮೇಲಿಂದ ಬೀಳುವುದಕ್ಕಿಂತ ಅಡ್ಡ ಹೊಡೆಯುವುದೇ ಜಾಸ್ತಿ. ಆಷಾಢದಲ್ಲಿ ಈ ಮೂರರ ಕೆಳಗೂ ಗೋಣಿಚೀಲ ಹಾಸಿಯೇ ಮಲಗಬೇಕು. ಅಡುಗೆಮನೆಯ ಚೌಕಟ್ಟಿನ ಕೆಳಭಾಗ ಕೈಯಿಂದ ಮುಟ್ಟಿದರೆ ಪುಡಿ ಉದುರುತ್ತದೆ. ಉಳಿದ ನಾಲ್ಕರಲ್ಲಿ ನೀರು ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಕದ ಗುದ್ದಿ ಮುಚ್ಚಬೇಕು, ಬೇಸಿಗೆಯಲ್ಲಿ ಮುಚ್ಚಿದರೂ ಸಂದಿಯಿಂದ ಧೂಳು.

ಎರಡು ಕಡೆ ದರ ಕೇಳಿದೆ. ಏಳೂ ಕಿಟಕಿ ಸೇರಿ 83 ಚದರ ಅಡಿ ಆಗುತ್ತದೆ. ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಕಿಟಕಿ, ಚದರ ಅಡಿಗೆ 620 ರೂಪಾಯಿ ಹೇಳಿದರು. ಜಿಎಸ್‌ಟಿ ಸೇರಿಸಿದರೆ 60 ಸಾವಿರ ದಾಟಿತು. ಪಕ್ಕಕ್ಕೆ ಸರಿಸುವ ಅಲ್ಯೂಮಿನಿಯಂ ಸ್ಲೈಡಿಂಗ್ 380. ಅದು ಜಿಎಸ್‌ಟಿ ಸೇರಿ 37 ಸಾವಿರದ ಹತ್ತಿರ. ನನ್ನ ಬಳಿ ಇರುವುದು 40 ಸಾವಿರ, ರೊಟ್ಟಿ ಬಡಿದು ಕೂಡಿಸಿದ್ದು. ಸಂಘದ ಸಾಲ ಇನ್ನೊಂದು ಬೇಡ, ಮಗಳ ಫೀಸಿಗೆ ತೆಗೆದದ್ದೇ ಇನ್ನೂ ತೀರಿಲ್ಲ.

ಅಲ್ಯೂಮಿನಿಯಂನವರು "ಹಳೆ ಚೌಕಟ್ಟು ನಾವೇ ಕಿತ್ತು ಒಯ್ಯುತ್ತೇವೆ, ಅದಕ್ಕೆ ಕಾಸು ಬೇಡ" ಎಂದರು. ಯಜಮಾನರಿಗೆ ಅದು ಬಹಳ ಹಿಡಿಸಿದೆ. ನನಗೆ ಯಾಕೋ ಅಷ್ಟು ಪುಕ್ಕಟೆ ಎಂದರೆ ಅನುಮಾನ.

ಇನ್ನೊಂದು ಮಾತು. ಬೆಳಗಿನ ಜಾವ ನಾಲ್ಕಕ್ಕೆ ಎರಡು ಒಲೆ ಹಚ್ಚುತ್ತೇನೆ. ಸ್ಲೈಡಿಂಗ್ ಹಾಕಿದರೆ ಕಿಟಕಿ ಅರ್ಧವೇ ತೆರೆಯುತ್ತದೆ ಅಲ್ವಾ? ಮೇ ತಿಂಗಳಲ್ಲಿ ಆ ಅಡುಗೆಮನೆಯಲ್ಲಿ ನಿಲ್ಲುವವಳು ನಾನು, ಕಿಟಕಿ ಮಾರುವವರಲ್ಲ. ಅಗ್ಗದ ಅಲ್ಯೂಮಿನಿಯಂ ಏಳಕ್ಕೂ ಹಾಕಿಸಲೋ, ಯುಪಿವಿಸಿ ಮೂರಕ್ಕೆ ಮಾತ್ರ ಹಾಕಿಸಿ ಉಳಿದದ್ದು ದೇವರ ಮೇಲೆ ಬಿಡಲೋ?

ಕೆಲಗೇರಿ ಬಡಿಗೇರ

ಅಕ್ಕಾರ, ಮೊದಲು ಪುಕ್ಕಟೆ ಲೆಕ್ಕ ನೋಡೋಣ. ನಾಲ್ಕಕ್ಕೆ ನಾಲ್ಕು ಅಡಿ ಕಿಟಕಿಯ ಚೌಕಟ್ಟಿಗೆ ನಾಲ್ಕು ಇಂಚು, ಎರಡೂವರೆ ಇಂಚಿನ ಕಟ್ಟಿಗೆ ಹಿಡಿದರೆ ಒಂದು ಘನ ಅಡಿಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಇವತ್ತು ಒಳ್ಳೆಯ ಸಾಗವಾನಿ ಘನ ಅಡಿಗೆ ಮೂರು ಸಾವಿರದ ಕೆಳಗೆ ನಮಗೇ ಸಿಗುವುದಿಲ್ಲ. ಆಗಿನ ಕಾಲದ ಧಾರವಾಡದ ಮನೆ ಎಂದರೆ ಹೆಚ್ಚಾಗಿ ದಾಂಡೇಲಿ ಕಡೆಯ ಕಟ್ಟಿಗೆ, ಬಲಿತ ಮರದ್ದು. ಅಂಥ ಚೌಕಟ್ಟು ಏಳು ಕಿತ್ತು ಒಯ್ಯುವವರು ನಿಮಗೇ ದುಡ್ಡು ಕೊಡಬೇಕು, ಕೂಲಿ ಬಿಟ್ಟೆವು ಎಂದು ಉಪಕಾರ ಹೇಳುವುದಲ್ಲ.

ಬದಲಿಸುವ ಮಾತು ಆಮೇಲೆ. ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಪ್ರತಿ ಚೌಕಟ್ಟಿನ ಕೆಳಗಿನ ಎರಡು ಮೂಲೆ ಮತ್ತು ಕೆಳಪಟ್ಟಿಯನ್ನು ಒತ್ತಿ ಚುಚ್ಚಿ. ಕಟ್ಟಿಗೆ ಕೊಳೆಯುವುದು ಅಲ್ಲಿಂದಲೇ, ನೀರು ನಿಲ್ಲುವ ಜಾಗ ಅದು. ತುದಿ ಸುಮ್ನೆ ಗೀರಿ ನಿಂತರೆ ಕಟ್ಟಿಗೆ ಗಟ್ಟಿ ಇದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ತುಂಡು ಹೋಗಿದೆ. ತುಂಡು ಹೋಗಿದೆ ಎಂದರೆ ಚೌಕಟ್ಟೇ ಹೋಗಿದೆ ಎಂದಲ್ಲ. ಕೊಳೆತಷ್ಟನ್ನು ಓರೆಯಾಗಿ ಕೊಯ್ದು ಅದೇ ಜಾತಿಯ ಕಟ್ಟಿಗೆ ಜೋಡಿಸಬಹುದು. ಗೋಡೆ ಒಡೆಯುವುದೇ ಬೇಡ. ಬಡಿದು ನೋಡಿ, ಟೊಳ್ಳು ಸಪ್ಪಳ ಬಂದರೆ ಅಥವಾ ಮಣ್ಣಿನ ಗೆರೆ ಕಂಡರೆ ಗೆದ್ದಲು. ಹಾಗಿದ್ದರೆ ಮೊದಲು ಗೆದ್ದಲಿಗೆ ಔಷಧಿ, ಆಮೇಲೆ ಬಡಗಿ.

ಮಳೆಗಾಲದಲ್ಲಿ ಹಿಡಿಯುವ ಕದಕ್ಕೆ ಜನ ಮಳೆಗಾಲದಲ್ಲೇ ನಮ್ಮನ್ನು ಕರೆಯುತ್ತಾರೆ. ತೇವಕ್ಕೆ ಉಬ್ಬಿದ ಕಟ್ಟಿಗೆಯನ್ನು ಆಗ ಹೆರೆದರೆ ಬೇಸಿಗೆಗೆ ಅದು ಒಣಗಿ ಕುಗ್ಗುತ್ತದೆ, ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದು ಅದೇ ಇರಬೇಕು. ಈ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಆಗಬೇಕು. ಅರ್ಧಕ್ಕರ್ಧ ಕದಗಳು ಉಬ್ಬಿ ಹಿಡಿಯುವುದೂ ಅಲ್ಲ. ವರ್ಷವರ್ಷ ಬಳಿದ ಎಣ್ಣೆಬಣ್ಣ ಅಂಚಿನಲ್ಲಿ ದಪ್ಪ ಪದರ ಕಟ್ಟಿರುತ್ತದೆ. ಅದನ್ನು ಕೆರೆದು ತೆಗೆದರೆ ಕದ ತಾನೇ ಕೂರುತ್ತದೆ. ಬಿಜಾಗರಿ ಜೋತು ಬಿದ್ದಿದ್ದರೆ ಸ್ಕ್ರೂ ತೂತಿಗೆ ಸಾಗವಾನಿ ಸೀಳು ಫೆವಿಕಾಲ್ ಹಚ್ಚಿ ಬಡಿಯಿರಿ, ಒಣಗಿದ ಮೇಲೆ ಅದೇ ತೂತಿಗೆ ಹೊಸ ಸ್ಕ್ರೂ ಹಾಕಿ. ಗಾಜಿನ ಅಂಚಿನ ಪುಟ್ಟಿ ಉದುರಿದ್ದರೆ ಚಾಕ್ ಪುಡಿಗೆ ಅಗಸೆ ಎಣ್ಣೆ ಕಲಸಿದ ಹಳೆ ಪುಟ್ಟಿಯೇ ಸಾಕು.

ಪಶ್ಚಿಮದ ಮೂರರ ಬಗ್ಗೆ ಒಂದು ಪ್ರಶ್ನೆ. ಮೇಲೆ ಮಳೆ ತಡೆಯುವ ಛಜ್ಜಾ ಇದೆಯೋ ಇಲ್ಲವೋ?

ರೊಟ್ಟಿ ಅಕ್ಕ, ಧಾರವಾಡ

ಛಜ್ಜಾ ಇಲ್ಲ ಅಣ್ಣಾರ. ಹಂಚಿನ ಸೂರೇ ಒಂದಿಷ್ಟು ಮುಂದೆ ಬಂದಿದೆ, ಆದರೆ ಅದು ಕಿಟಕಿಯಿಂದ ಬಹಳ ಮೇಲಿದೆ.

ಕೆಲಗೇರಿ ಬಡಿಗೇರ

ಹಾಗಾದರೆ ನೀವು ಯಾವ ಕಿಟಕಿ ಹಾಕಿಸಿದರೂ ನೀರು ಬರುತ್ತದೆ. ಇಲ್ಲಿ ಮಳೆಗಾಲದ ಗಾಳಿ ಪಶ್ಚಿಮ, ನೈರುತ್ಯದಿಂದಲೇ. ಆ ಗೋಡೆಗೆ ಪೂರ್ತಿ ಹೊಡೆತ ಬೀಳುತ್ತದೆ. ಎತ್ತರದ ಸೂರು ಅಡ್ಡಮಳೆಗೆ ಏನೂ ಮಾಡುವುದಿಲ್ಲ. ಗೋಡೆಗೆ ಕಬ್ಬಿಣದ ಆ್ಯಂಗಲ್ ಹೊಡೆದು ಕಿಟಕಿಗೆ ಹತ್ತಿಸಿ ಒಂದೂವರೆ ಅಡಿ ಮುಂದೆ ಬರುವ ಹಾಗೆ ತಗಡಿನ ಛಜ್ಜಾ ಮಾಡಿಸಿ, ಎರಡೂ ಬದಿಗೆ ಅರ್ಧ ಅಡಿ ಜಾಸ್ತಿ ಬಿಡಿಸಿ. ತಗಡು ಗೋಡೆಗೆ ಕೂಡುವ ಕಡೆ ಸಿಮೆಂಟ್ ಹಚ್ಚಿಸುವುದು ಮರೆಯಬೇಡಿ. ಕಿಟಕಿಗೆ 1,200ರಿಂದ 1,500ರ ಒಳಗೆ ಆಗುತ್ತದೆ. ಇದೇ ನಿಮ್ಮ ಮೊದಲ ಖರ್ಚು.

ಆಮೇಲೆ ಒಣ ದಿನ ಪೈಪಿನಿಂದ ನೀರು ಬಿಟ್ಟು ನೋಡಿ. ಕೆಳಗಿನಿಂದ ಶುರು ಮಾಡಿ. ಮೊದಲು ಕೆಳಪಟ್ಟಿ, ಆಮೇಲೆ ಬದಿ, ಕೊನೆಗೆ ತಲೆ. ಒಬ್ಬರು ಒಳಗೆ ನಿಂತಿರಲಿ. ಮೇಲಿಂದಲೇ ಸುರಿದರೆ ನೀರು ಎಲ್ಲ ಕಡೆ ಇಳಿದು ಎಲ್ಲಿಂದ ಒಳಬಂತು ತಿಳಿಯುವುದಿಲ್ಲ. ಬಹಳ ಮನೆಗಳಲ್ಲಿ ನೀರು ಬರುವುದು ಕದದಿಂದಲ್ಲ, ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕಿನಿಂದ.

ತಾರಿಹಾಳ ಫ್ಯಾಬ್ರಿಕೇಶನ್

ನಾನು ಅಲ್ಯೂಮಿನಿಯಂ ಕೆಲಸ ಮಾಡುವವನು. ಹಾಗಾಗಿ ನನ್ನ ಮಾತಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಬಹುದು, ಆದರೆ ಬಡಿಗೇರ ಅಣ್ಣ ಹೇಳಿದ್ದರಲ್ಲಿ ಒಂದು ಉಳಿದಿದೆ. ಕಟ್ಟಿಗೆ ರಿಪೇರಿ ಮಾಡಿಸಿದರೆ ಎರಡು ಮೂರು ವರ್ಷಕ್ಕೊಮ್ಮೆ ಬಣ್ಣ, ಎಣ್ಣೆ ಬೇಕೇ ಬೇಕು. ಪಶ್ಚಿಮದ ಗೋಡೆಗಂತೂ ತಪ್ಪಿಸುವ ಹಾಗಿಲ್ಲ. ಅದನ್ನು ಮಾಡುವವರು ಯಾರು ಎಂದು ಮನೆಯಲ್ಲಿ ಮೊದಲೇ ತೀರ್ಮಾನ ಆಗಲಿ. ಮಾಡುವವರಿಲ್ಲದಿದ್ದರೆ ಆ ಮೂರಕ್ಕೆ ಅಲ್ಯೂಮಿನಿಯಂ ಕದವೇ ಒಳ್ಳೆಯದು. ಚೌಕಟ್ಟು ಗಟ್ಟಿ ಇದ್ದರೆ ಕೀಳಬೇಕಿಲ್ಲ, ಅದರ ಹೊರಮೈಗೆ ನಮ್ಮ ಫ್ರೇಮ್ ಕೂರುತ್ತದೆ. ಸರಳು ಇದ್ದಲ್ಲೇ ಇರುತ್ತದೆ.

ಸರಳಿನ ಲೆಕ್ಕ ಯಾರೂ ಮಾಡಿಲ್ಲ ನೋಡಿ. ಚೌಕಟ್ಟು ಕಿತ್ತರೆ ಸರಳೂ ಹೋಗುತ್ತದೆ. ಸ್ಲೈಡಿಂಗ್ ಕಿಟಕಿ ಗ್ರಿಲ್ ಇಲ್ಲದೆ ಕೆಳಮಹಡಿಯಲ್ಲಿ ಇಡಲಾಗದು. 10 ಎಂಎಂ ಚೌಕ ಸರಳು ಮೀಟರಿಗೆ 785 ಗ್ರಾಂ ತೂಗುತ್ತದೆ. ನಾಲ್ಕು ಇಂಚಿಗೊಂದು ಸರಳಿಟ್ಟು, ಸುತ್ತಿನ ಮತ್ತು ಅಡ್ಡ ಸರಳೂ ಸೇರಿಸಿದರೆ 83 ಚದರ ಅಡಿಗೆ 90 ಕೆಜಿ ಹತ್ತಿರ ಹೋಗುತ್ತದೆ. ಕೆಜಿಗೆ 120 ಹಿಡಿದರೂ 11 ಸಾವಿರ. ಅಂದರೆ ನಿಮಗೆ ಹೇಳಿದ 37 ಸಾವಿರ ನಿಜವಾಗಿ 48. ಮೇಲೆ ಗೌಂಡಿ ಕೂಲಿ ಬೇರೆ.

ಅಡುಗೆಮನೆಗೆ ಸ್ಲೈಡಿಂಗ್ ಬೇಡವೇ ಬೇಡ. ಎರಡು ಟ್ರ್ಯಾಕ್‌ನಲ್ಲಿ ಅರ್ಧವೇ ತೆರೆಯುವುದು ಎಂದು ನೀವು ಹೇಳಿದ್ದು ಸರಿ. ಹೊರಗೆ ತೆರೆಯುವ ಕದ ಹಾಕಿಸಿ, ಪೂರ್ತಿ ಗಾಳಿ ಬರುತ್ತದೆ. ಮುಚ್ಚಿದಾಗ ರಬ್ಬರ್ ಒತ್ತಿ ಕೂರುವುದರಿಂದ ಅಡ್ಡಮಳೆಗೂ ಅದೇ ವಾಸಿ. ದರ ಸ್ವಲ್ಪ ಜಾಸ್ತಿ. ಚಿಕ್ಕ ಕಿಟಕಿಗೆ ಇನ್ನೂ ಜಾಸ್ತಿ ಹಿಡಿಯುತ್ತಾರೆ, ಏಕೆಂದರೆ ಮೂಲೆ, ಬಿಜಾಗರಿ, ಹಿಡಿಕೆ ಎಲ್ಲ ದೊಡ್ಡದಕ್ಕೆ ಬೇಕಾದಷ್ಟೇ ಬೇಕು.

ಸ್ಲೈಡಿಂಗ್ ಬೇಕೇ ಬೇಕು ಎನ್ನುವವರಿಗೆ ಒಂದು ಮಾತು. ಹಳೆ ಚೌಕಟ್ಟನ್ನು ಟೇಪಿನಿಂದ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡರ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಚೌಕಟ್ಟು ಓರೆಯಾಗಿದೆ, ಕದ ಸಲೀಸಾಗಿ ಓಡುವುದಿಲ್ಲ. ಹುಬ್ಬಳ್ಳಿಯಲ್ಲಿ ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇದನ್ನು ದಿನಾ ನೋಡುತ್ತೇವೆ. ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆ ಅದರ ಜೊತೆ ಅಲುಗುತ್ತದೆ. ಟ್ರ್ಯಾಕ್‌ಗೆ ಹೊರಮುಖವಾಗಿ ನೀರು ಹೋಗುವ ತೂತು ಹೊಡೆದಿದ್ದಾರೆಯೇ ನೋಡಿ. ಅದಿಲ್ಲದ ಸ್ಲೈಡಿಂಗ್ ಕಿಟಕಿ ನೀರು ತುಂಬಿಸಿಕೊಂಡು ಒಳಗೇ ಸುರಿಸುತ್ತದೆ. ಕೊಟೇಶನ್‌ನಲ್ಲಿ ಸೆಕ್ಷನ್, ಅಂದರೆ ಅಲ್ಯೂಮಿನಿಯಂ ಪಟ್ಟಿಯ ದಪ್ಪ ಬರೆಸಿಕೊಳ್ಳಿ. 1.2 ಎಂಎಂಗಿಂತ ತೆಳುವಾದದ್ದು ಕೈಯಿಂದ ಒತ್ತಿದರೇ ಬಾಗುತ್ತದೆ. ಯುಪಿವಿಸಿ ಆದರೆ ಒಳಗೆ ಸ್ಟೀಲ್ ಪಟ್ಟಿ ಇದೆಯೇ ಕೇಳಿ. ತುಂಡು ಕೊಯ್ದು ತೋರಿಸಿ ಎಂದರೆ ಪ್ರಾಮಾಣಿಕರು ತೋರಿಸುತ್ತಾರೆ.

ವಿದ್ಯಾನಗರ 21

ಇಷ್ಟೆಲ್ಲ ತಲೆಬಿಸಿ ಯಾಕೆ. ಹಳೇದು ಕಿತ್ತು ಒಗೆದು ಯುಪಿವಿಸಿ ಹಾಕಿಸಿ ಮುಗಿಸಿಬಿಡಿ. ಇಎಂಐ ಸಿಗುತ್ತದೆ.

ರೊಟ್ಟಿ ಅಕ್ಕ, ಧಾರವಾಡ

ತಮ್ಮಾ, ಇಎಂಐ ಸಿಗುತ್ತದೆ, ಕಟ್ಟುವವರು ಸಿಗುವುದಿಲ್ಲ.

ಬೆಟಗೇರಿ ಸೀರೆ

ಅಕ್ಕಾ, ನಿಮ್ಮದು ಇಟ್ಟಂಗಿ ಗೋಡೆ, ಬದುಕಿದಿರಿ. ಇದನ್ನು ಓದುವ ಗದಗ ಕಡೆಯವರಿಗಾಗಿ ಬರೆಯುತ್ತಿದ್ದೇನೆ. ಬೆಟಗೇರಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ, ಗೋಡೆಯೇ ಎರಡು ಅಡಿ ದಪ್ಪ. ಮಗ್ಗದ ಕೋಣೆಗೆ ಬೆಳಕು ಸಾಲದು ಎಂದು ಕಿಟಕಿ ದೊಡ್ಡದು ಮಾಡಿಸಲು ಹೊರಟೆವು. ಬಂದ ಗೌಂಡಿ ಒಂದು ಆಸರೆಯನ್ನೂ ಕೊಡದೆ ಹಳೆ ಚೌಕಟ್ಟು ಕಿತ್ತ. ಮಣ್ಣಿನ ಗೋಡೆಯಲ್ಲಿ ಚೌಕಟ್ಟಿನ ಮೇಲೆ ಇರುವುದು ಬರೀ ಕಟ್ಟಿಗೆ ಹಲಗೆ, ಆ ಹಲಗೆಗೆ ಎಷ್ಟೋ ಕಡೆ ಚೌಕಟ್ಟೇ ಆಧಾರ. ಸಂಜೆಯೊಳಗೆ ಹಲಗೆ ಬಾಗಿತು, ಮೇಲಿನ ಮಣ್ಣು ಮಗ್ಗದ ಮೇಲೆ ಬಿತ್ತು. ಹಾಸಿನ ನೂಲೆಲ್ಲ ಹಾಳು. ಗೋಡೆ ಕಟ್ಟಿಸಿದ್ದಕ್ಕೆ ಹೋದ ದುಡ್ಡಿನಲ್ಲಿ ಇನ್ನೂ ಎರಡು ಕಿಟಕಿ ಬರುತ್ತಿದ್ದವು.

ಆಮೇಲೆ ಬಂದ ಹಿರಿಯ ಗೌಂಡಿ ಮೊದಲು ಒಳಗೂ ಹೊರಗೂ ಎರಡೆರಡು ಕಂಬ ನಿಲ್ಲಿಸಿ ಆಸರೆ ಕೊಟ್ಟರು, ಹಲಗೆ ಬದಲಿಸಿದರು, ಅದಾದ ಮೇಲೆಯೇ ಚೌಕಟ್ಟು ಮುಟ್ಟಿದ್ದು. ಹಲಗೆ ಎರಡೂ ಬದಿ ಗೋಡೆಯೊಳಗೆ ಒಂದು ಅಡಿಯಾದರೂ ಹೋಗಿರಬೇಕು ಎಂದರು. ಮಣ್ಣಿನ ಮನೆಯವರು ಚೌಕಟ್ಟು ಕೀಳುವ ಮಾತೇ ಬೇಡ, ಕದ ಮಾತ್ರ ಬದಲಿಸಿ. ಸಿಮೆಂಟಿನಿಂದ ಸಂದು ಮುಚ್ಚಬೇಡಿ, ಅದು ಮಣ್ಣಿಗೆ ಹಿಡಿಯುವುದಿಲ್ಲ, ಬಿಟ್ಟುಕೊಂಡು ಒಳಗೆ ನೀರು ಹಿಡಿಯುತ್ತದೆ. ಸುಣ್ಣ, ಮರಳು ಸಾಕು.

ಕಿಟಕಿಯ ಕೆಳಗೆ ನಾವು ಕಡಪಾ ಕಲ್ಲು ಹಾಕಿಸಿದೆವು. ಹೊರಗೆ ಇಳಿಜಾರು, ಗೋಡೆಯಿಂದ ಎರಡು ಇಂಚು ಮುಂದೆ, ಕೆಳಮೈಗೆ ಕಟರ್‌ನಿಂದ ಒಂದು ಗೀರು. ನೀರು ಆ ಗೀರಿಗೆ ಬಂದು ತೊಟ್ಟಿಕ್ಕುತ್ತದೆ, ಗೋಡೆಗೆ ತಿರುಗುವುದಿಲ್ಲ. ಬಹಳ ಅಗ್ಗದ ಕೆಲಸ, ಬಹಳ ಉಪಯೋಗ.

ಹಾವೇರಿ ಮಾಸ್ತರ

ಅಡುಗೆಮನೆಗೆ ಹೊಸ ಚೌಕಟ್ಟು ಬೇಕಾದರೆ ಹಳೆ ಮನೆ ಕೆಡವಿದ ಸಾಮಾನು ಮಾರುವವರಲ್ಲಿ ನೋಡಿ. ನಾನು ಕೊಟ್ಟಿಗೆಗೆ ಹಾಗೆಯೇ ತಂದೆ, ಸರಳು ಸಮೇತ. ತರುವ ಮೊದಲು ಎರಡು ನೋಡಿಕೊಳ್ಳಿ. ಕೆಳಮೂಲೆ ಚುಚ್ಚಿ ನೋಡುವುದು ಮೇಲೆ ಹೇಳಿಯಾಗಿದೆ. ಇನ್ನೊಂದು, ಸುಣ್ಣ ಅಂಟಿದ ಬೆನ್ನಿನ ಕಡೆ ಗೆದ್ದಲು ತಿಂದಿದೆಯೇ ಎಂದು ತಿರುಗಿಸಿ ನೋಡಿ. ಮುಂದಿನ ಮೈಗೆ ಬಣ್ಣ ಬಳಿದು ನಿಲ್ಲಿಸಿರುತ್ತಾರೆ. ಅಳತೆ ನಿಮ್ಮ ಗೋಡೆಗಿಂತ ಸ್ವಲ್ಪ ಚಿಕ್ಕದಿರಲಿ. ಚಿಕ್ಕದಾದರೆ ಇಟ್ಟಂಗಿ ತುಂಬಬಹುದು, ದೊಡ್ಡದಾದರೆ ಗೋಡೆ ಒಡೆಯಬೇಕು.

ರೊಟ್ಟಿ ಅಕ್ಕ, ಧಾರವಾಡ

ಎಲ್ಲರಿಗೂ ಪುಣ್ಯ ಬರಲಿ. ಮಾಸ್ತರ, ಹಳೇದು ಕೊಳ್ಳುವ ಧೈರ್ಯ ನನಗಿಲ್ಲ. ಯಜಮಾನರು ತಿರುಗಿಸಿ ನೋಡುವವರಲ್ಲ, ಬಣ್ಣ ನೋಡಿ ತಂದುಬಿಡುತ್ತಾರೆ.

ಸ್ಕ್ರೂಡ್ರೈವರ್ ಪರೀಕ್ಷೆ ನಾನೇ ಮಾಡಿದೆ. ಅಡುಗೆಮನೆಯದು ಹೋಗಿದೆ, ಅದರಲ್ಲಿ ಅನುಮಾನ ಇಲ್ಲ. ಹಿಡಿಕೆಯವರೆಗೂ ಇಳಿಯಿತು. ಮಲಗುವ ಕೋಣೆಯ ಒಂದರಲ್ಲಿ ಕೆಳಪಟ್ಟಿ ಮಾತ್ರ ಮೆತ್ತಗಿದೆ. ಉಳಿದ ಐದೂ ಗಟ್ಟಿ. ಪಡಸಾಲೆಯದಕ್ಕೆ ಚುಚ್ಚಿದಾಗ ನನ್ನ ಕೈಯೇ ನೊಂದಿತು. ನೀರು ಬಿಟ್ಟು ನೋಡಿದ್ದೂ ಆಯಿತು. ಬಡಿಗೇರ ಅಣ್ಣ ಹೇಳಿದ್ದೇ ನಿಜ, ಮಲಗುವ ಕೋಣೆಯಲ್ಲಿ ನೀರು ಬಂದದ್ದು ಚೌಕಟ್ಟಿನ ಬದಿಯ ಬಿರುಕಿನಿಂದ.

ಲೆಕ್ಕ ಹೀಗೆ ಬಿದ್ದಿದೆ. ಮೊದಲು ತಗಡಿನ ಛಜ್ಜಾ ಮೂರಕ್ಕೆ 3,900. ಅಡುಗೆಮನೆಗೆ ಹೊರಗೆ ತೆರೆಯುವ ಯುಪಿವಿಸಿ, 9 ಚದರ ಅಡಿಗೆ 750ರಂತೆ, ಜಿಎಸ್‌ಟಿ ಸೇರಿ 7,965. ಅದಕ್ಕೆ ಗ್ರಿಲ್ 1,200, ಕಡಪಾ ಕಲ್ಲು ಮತ್ತು ಗೌಂಡಿ ಕೂಲಿ 2,000. ಮಲಗುವ ಕೋಣೆಯ ಎರಡಕ್ಕೂ ಹಳೆ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಕದ, 24 ಚದರ ಅಡಿಗೆ 450ರಂತೆ, ಜಿಎಸ್‌ಟಿ ಸೇರಿ 12,744. ಮೆತ್ತಗಾದ ಕೆಳಪಟ್ಟಿ ಕೊಯ್ದು ಜೋಡಿಸಲು 2,500. ಉಳಿದ ನಾಲ್ಕರ ರಿಪೇರಿಗೆ ಬಡಗಿ ಕೂಲಿ 3,300, ಒಡೆದ ಗಾಜು, ಪುಟ್ಟಿ, ಬಿಜಾಗರಿ, ಎಣ್ಣೆ ಎಂದು 2,500. ಎಲ್ಲ ಸೇರಿ 36,109. ಸೊಳ್ಳೆ ಪರದೆಗೂ ಒಂದಿಷ್ಟು ಉಳಿಯುತ್ತದೆ. ವೆಲ್‌ಕ್ರೋ ಪಟ್ಟಿಗೆ ಅಂಟಿಸುವ ಜಾಳಿಗೆ ತಂದು ನಾನೇ ಹೊಲಿದುಕೊಳ್ಳುತ್ತೇನೆ.

ಪುಕ್ಕಟೆ ಒಯ್ಯುತ್ತೇನೆ ಎಂದವರಿಗೆ ಫೋನ್ ಮಾಡಿ "ಚೌಕಟ್ಟಿಗೆ ಎಷ್ಟು ಕೊಡುತ್ತೀರಿ" ಎಂದು ಕೇಳಿದೆ. ಆಮೇಲೆ ಅವರು ಫೋನ್ ಎತ್ತಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಚೌಕಟ್ಟಿನ ಬದಿಯ ಬಿರುಕಿಗೆ ಸಿಮೆಂಟೋ ಸಿಲಿಕಾನೋ? ಮತ್ತೆ, ಎಲ್ಲರೂ ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾರೆ, ಕೊಡಬಹುದೇ?

ತಾರಿಹಾಳ ಫ್ಯಾಬ್ರಿಕೇಶನ್

ಬಿರುಕು ದೊಡ್ಡದಿದ್ದರೆ ಮೊದಲು ಸಿಮೆಂಟ್ ತುಂಬಿಸಿ, ಅದು ಒಣಗಿದ ಮೇಲೆ ಹೊರಗಿನ ಗೆರೆಗೆ ಸಿಲಿಕಾನ್. ಬರೀ ಸಿಮೆಂಟ್ ಆದರೆ ಕಟ್ಟಿಗೆ ಉಬ್ಬಿ ಕುಗ್ಗಿದಾಗ ಮತ್ತೆ ಬಿಡುತ್ತದೆ. ಹಚ್ಚುವಾಗ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ತರಬೇಡಿ. ಅದು ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಲೋಹಕ್ಕೂ ಒಳ್ಳೆಯದಲ್ಲ. ನ್ಯೂಟ್ರಲ್ ಎಂದು ಬರೆದದ್ದು ಕೇಳಿ. ಎಲ್ಲಿಯೂ ಒದ್ದೆ ಇರಬಾರದು, ಹಳೆ ಬಣ್ಣದ ಪುಡಿ ಬ್ರಷ್‌ನಿಂದ ಉಜ್ಜಿ ತೆಗೆದಿರಬೇಕು.

ಮುಂಗಡದ್ದು: ಸಾಮಾನು ತರಲು ಅರ್ಧ ಕೇಳುವುದು ರೂಢಿ, ಕೊಡಿ. ಆದರೆ ಕೊನೆಯ ಕಂತು ಐದನೇ ಒಂದು ಭಾಗವಾದರೂ ಇಟ್ಟುಕೊಳ್ಳಿ. ಕೂರಿಸಿದ ದಿನವೇ ಅವರ ಎದುರಿಗೆ ಪೈಪ್ ಹಿಡಿದು ನೀರು ಬಿಡಿ, ಒಳಗೆ ಹನಿ ಬರದಿದ್ದರೆ ಕೊಡಿ. ಇದನ್ನು ಕೊಟೇಶನ್‌ನಲ್ಲೇ ಬರೆಸಿ. ನನ್ನ ಗಿರಾಕಿಗಳು ಇದನ್ನು ಓದದಿದ್ದರೆ ನನಗೆ ಒಳ್ಳೆಯದು.

ಕೆಲಗೇರಿ ಬಡಿಗೇರ

ಜೋಡಿಸಿದ ತುಂಡಿಗೆ ಬಣ್ಣ ಬಳಿಯುವ ಮೊದಲು ಎಲ್ಲಾ ಮೈಗೂ, ಗೋಡೆಗೆ ಹೋಗುವ ಬೆನ್ನಿಗೂ ಸೇರಿಸಿ, ಅಗಸೆ ಎಣ್ಣೆ ಕುಡಿಸಿರಿ. ಆ ಬೆನ್ನು ಮುಂದೆ ಯಾರ ಕೈಗೂ ಸಿಗುವುದಿಲ್ಲ. ಎಣ್ಣೆ ಹತ್ತಿದ ಬಟ್ಟೆ ಮುದ್ದೆ ಮಾಡಿ ಒಲೆಯ ಬದಿಗೆ ಒಗೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ. ಛಜ್ಜಾ ಕೆಲಸ ಯುಗಾದಿ ಆದ ಕೂಡಲೇ ಹಿಡಿಯಿರಿ. ಜೂನ್ ಮೊದಲಿಗೆ ಬರುವ ಮಿರಗದ ಮಳೆಗೆ ಎಂಟು ದಿನ ಇದ್ದಾಗ ಇಡೀ ಧಾರವಾಡ ಒಂದೇ ಸಲ ನಮಗೆ ಫೋನ್ ಮಾಡುತ್ತದೆ.